ದಾರಿಯಲ್ಲಿ ಎಂಜಿನ್ನು ನಿಂತಾಗ: ಹಳೆಯ ಜೀಪು-ಪಿಕಪ್ಪು ಇಟ್ಟುಕೊಂಡಿರುವ ಬೆಳೆಗಾರರಿಗೆ ಒಂದು ಪಾಠ



ಕಾಫಿ ಗಿಡದ ಕಸಿ, ಅಡಿಕೆಗೆ ಬೋರ್ಡೋ ದ್ರಾವಣ, ಮೆಣಸಿನ ಬಳ್ಳಿಯ ರೋಗ ಮೊದಲಾದವನ್ನು ಕುರಿತು ಈ ಪತ್ರಿಕೆಯಲ್ಲಿ ಪಾಠಗಳು ಬರುತ್ತಲೇ ಇರುತ್ತವೆ. ಈ ಸಲದ ಪಾಠ ತೋಟದ್ದಲ್ಲ. ತೋಟದ ಫಸಲನ್ನು ಹೊರುವ ಗಾಡಿಯದು. ವರ್ಷವೆಲ್ಲ ದುಡಿದು ಬೆಳೆದದ್ದು ಕೊನೆಗೆ ಬಂದು ಕೂರುವುದು ಗಾಡಿಯ ಮೇಲೆ. ಆ ಗಾಡಿ ನಡುದಾರಿಯಲ್ಲಿ ನಿಂತರೆ ನಷ್ಟ ಮೆಕ್ಯಾನಿಕ್ಕಿಗೆ ಕೊಡುವ ದುಡ್ಡಿನಷ್ಟೇ ಆಗಿರುವುದಿಲ್ಲ. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರಿಗೆ ಹಾಕಬೇಕು. ಚೀಲದಲ್ಲಿ ಒತ್ತಿ ತುಂಬಿದ ಹಣ್ಣು ರಾತ್ರಿ ಕಳೆಯುವುದರೊಳಗೆ ಕಾವೇರಿ ಹುಳಿಯಾಗುತ್ತದೆ. ಆ ಹುಳಿ ವಾಸನೆ ಬೇಳೆಯಲ್ಲಿ ಉಳಿದು, ಬೆಲೆ ಕಟ್ಟುವವರ ಮೂಗಿಗೆ ಮುಟ್ಟುತ್ತದೆ. ಹಸಿ ಅಡಿಕೆಯೂ ಹಾಗೆಯೇ. ಸುಲಿದು ಬೇಯಿಸುವುದು ತಡವಾದಷ್ಟೂ ಬಣ್ಣ ಕೆಡುತ್ತದೆ.

ಆದ್ದರಿಂದ ಗಾಡಿ ಏಕಾಏಕಿ ನಿಂತಾಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಕ್ರಮವಾಗಿ ತಿಳಿಯೋಣ.

ನಮ್ಮ ಗಾಡಿಗಳ ವಿಶೇಷ

ಬೇಲೂರು, ಹಳೇಬೀಡು, ಅರಸೀಕೆರೆ ಸುತ್ತಿನ ಸಣ್ಣ ಹಿಡುವಳಿದಾರರಲ್ಲಿ ಇಂದಿಗೂ ಹಲವರ ಮನೆಯ ಮುಂದೆ ಹಳೆಯ ಜೀಪು ನಿಂತಿರುತ್ತದೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿಯವರು ಅಮೆರಿಕದ ವಿಲ್ಲಿಸ್ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ನಾಲ್ಕು ಚಕ್ರಕ್ಕೂ ಎಳೆತವಿದ್ದ ಈ ಗಾಡಿ ಮಳೆಗಾಲದ ತೋಟದ ರಸ್ತೆಗೆ ಹೇಳಿ ಮಾಡಿಸಿದಂತಿತ್ತು. ಅದರ ಪೆಟ್ರೋಲ್ ಎಂಜಿನ್ನು ನಾಲ್ಕು ಸಿಲಿಂಡರಿನದು, 2.2 ಲೀಟರಿನದು. ಒಳಗೆ ಎಳೆಯುವ ವಾಲ್ವು ಮೇಲಿನ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಕೆಳಗಿನ ಬ್ಲಾಕಿನಲ್ಲಿ ಇರುವ ಅಪರೂಪದ ಕಟ್ಟು ಅದರದು.

1973ರಲ್ಲಿ ಜಗತ್ತಿಗೇ ತೈಲದ ಮುಗ್ಗಟ್ಟು ಬಂತು. ಪೆಟ್ರೋಲಿನ ಬೆಲೆ ಕೈಗೆ ಹತ್ತದಂತಾದಾಗ ಹಲವರು ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಕೂರಿಸಿಕೊಂಡರು. ಮುಂದೆ ಮಹೀಂದ್ರಾದವರೇ ಇಂಟರ್‌ನ್ಯಾಷನಲ್ ಮತ್ತು ಪ್ಯೂಜೋ ಮೂಲದ ಡೀಸೆಲ್ ಎಂಜಿನ್ನುಗಳಿದ್ದ ಜೀಪುಗಳನ್ನು ಮಾರಿದರು. ಆ ಎಂಜಿನ್ನುಗಳೂ ಗುಜರಿಯಿಂದ ಹಳೆಯ ಜೀಪುಗಳ ಹೊಟ್ಟೆ ಸೇರಿದವು. ಆಮೇಲೆ ಹಿಂದಿನ ಸೀಟು ಬಿಚ್ಚಿ, ಚಾಸಿಯ ಮೇಲೆ ತೊಟ್ಟಿ ಕಟ್ಟಿಸಿ ಪಿಕಪ್ಪು ಮಾಡಿಸಿದರು. ಹೀಗಾಗಿ ನಮ್ಮಲ್ಲಿನ ಒಂದು ಗಾಡಿಗೆ ಚಾಸಿ ಒಂದು ಕಾಲದ್ದು, ಎಂಜಿನ್ನು ಇನ್ನೊಂದು ಕಾಲದ್ದು, ಗೇರ್‌ಪೆಟ್ಟಿಗೆ ಮೂರನೆಯದು. ವೈರಿಂಗು ಮಾತ್ರ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ನನ ಸ್ವಂತದ್ದು.

ಇಂಥ ಗಾಡಿಗೆ ಕಂಪನಿಯ ಪುಸ್ತಕ ಹೊಂದುವುದಿಲ್ಲ. ಹೊಸಬ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದರೆ ಅವನಿಗೂ ದಿಕ್ಕು ತಿಳಿಯುವುದಿಲ್ಲ. ಆದರೆ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಆದಂತೆಯೇ. ಒಂದು, ಎಂಜಿನ್ನು ನಿಂತ ರೀತಿಯೇ ಅದು ಏಕೆ ನಿಂತಿತೆಂದು ಹೇಳುತ್ತದೆ. ಎರಡು, ಮಾರ್ಪಡಿಸಿದ ಗಾಡಿಯಲ್ಲಿ ದೋಷ ಹೆಚ್ಚಾಗಿ ಇರುವುದು ಹಳೆಯದೂ ಹೊಸದೂ ಕೂಡಿದ ಜಾಗದಲ್ಲಿ. ವೈರಿನ ಗಂಟು, ಪೈಪಿನ ಕ್ಲಿಪ್ಪು, ಅರ್ತ್ ಪಟ್ಟಿ, ರೇಡಿಯೇಟರಿನ ಕೊಳವೆ ಇಂಥವೇ ಆ ಜಾಗಗಳು.

ಮೊದಲು ಜನ, ಆಮೇಲೆ ಗಾಡಿ

ಎಂಜಿನ್ನು ನಿಂತ ಕೂಡಲೇ ಬಾನೆಟ್ ಎತ್ತುವುದಲ್ಲ. ಗಾಡಿಗೆ ಇನ್ನೂ ಓಟವಿರುವಾಗಲೇ ಕ್ಲಚ್ಚು ಒತ್ತಿ ಎಡಕ್ಕೆ ಸರಿಯಿರಿ. ಜೀಪಿನ ಮೂಲ ಬ್ರೇಕಿಗೆ ಎಂಜಿನ್ನಿನ ನೆರವು ಬೇಕಿಲ್ಲ, ಎಂಜಿನ್ನು ನಿಂತರೂ ಹಿಡಿಯುತ್ತದೆ. ಆದರೆ ಬೂಸ್ಟರ್ ಕೂಡಿಸಿದ ಗಾಡಿಯಲ್ಲಿ ಎಂಜಿನ್ನು ನಿಂತ ಮೇಲೆ ಒಂದೆರಡು ಸಲ ಮಾತ್ರ ಬ್ರೇಕು ಮೆತ್ತಗಿದ್ದು, ಆಮೇಲೆ ಕಲ್ಲಿನಂತಾಗುತ್ತದೆ. ಆದ್ದರಿಂದ ಬಿಟ್ಟು ಬಿಟ್ಟು ತುಳಿಯಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಾರಿನ ಸ್ಟೀರಿಂಗ್ ಕಂಬ ಹಾಕಿಸಿದ್ದರೆ ಗಾಡಿ ಪೂರ್ತಿ ನಿಲ್ಲುವವರೆಗೆ ಕೀಲಿ ತೆಗೆಯಬೇಡಿ. ಕೀಲಿ ತೆಗೆದರೆ ಸ್ಟೀರಿಂಗ್ ಬೀಗ ಬಿದ್ದುಬಿಡುತ್ತದೆ.

ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಏರಿನಲ್ಲಿದ್ದರೆ ಒಂದನೇ ಗೇರು, ಇಳಿಜಾರಿನಲ್ಲಿದ್ದರೆ ರಿವರ್ಸ್ ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಗಾಡಿಯಲ್ಲಿದ್ದವರೆಲ್ಲ ಇಳಿದು ರಸ್ತೆಯಿಂದ ದೂರ ನಿಲ್ಲಲಿ. ಹಿಂದೆ ಐವತ್ತು ಹೆಜ್ಜೆ ದೂರದಲ್ಲಿ ತ್ರಿಕೋನದ ಫಲಕವಿಡಿ. ಸೊಪ್ಪಿನ ಕೊಂಬೆ ಹಗಲಿಗೆ ಸಾಕಾದೀತು. ಮಂಜಿನಲ್ಲೂ ಕತ್ತಲಲ್ಲೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬಾಣಾವರ, ಅರಸೀಕೆರೆ ಕಡೆ ಹೋಗುವವರು ರೈಲು ಹಳಿಯ ವಿಷಯವನ್ನೂ ತಿಳಿದಿರಬೇಕು. ಹಳಿಯ ಮೇಲೆ ಎಂಜಿನ್ನು ನಿಂತರೆ ಮೊದಲು ಜನ ಇಳಿದು ದೂರ ಹೋಗಬೇಕು, ಗೇಟಿನವರಿಗೆ ತಿಳಿಸಬೇಕು. ರೈಲಿನ ಸೂಚನೆ ಇಲ್ಲದಿದ್ದರೆ ಮಾತ್ರ ಚಾಲಕ ಒಂದನೇ ಗೇರು ಹಾಕಿ, ಕ್ಲಚ್ಚು ಪೂರ್ತಿ ಬಿಟ್ಟು, ಸೆಲ್ಫ್ ಹೊಡೆಯಬಹುದು. ಬ್ಯಾಟರಿ ಚೆನ್ನಾಗಿದ್ದರೆ ಸೆಲ್ಫಿನ ಬಲದಲ್ಲೇ ಗಾಡಿ ನಾಲ್ಕಾರು ಮಾರು ತೆವಳಿ ಹಳಿ ದಾಟುತ್ತದೆ.

ಸೆಲ್ಫ್ ಹೊಡೆಯುವ ಚಟ

ಗಾಡಿ ನಿಂತೊಡನೆ ಬಹುಮಂದಿ ಮಾಡುವ ಕೆಲಸ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು. ಇದರಿಂದ ಮೂರು ಕೇಡು. ಬ್ಯಾಟರಿ ಬರಿದಾಗುತ್ತದೆ. ಎಂಜಿನ್ನಿನ ಒಳಗೆ ಏನಾದರೂ ಮುರಿದಿದ್ದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಪೆಟ್ರೋಲ್ ಸೋರುತ್ತಿದ್ದರೆ ಬೆಂಕಿ ಹಿಡಿಯುತ್ತದೆ. ಪೆಟ್ರೋಲಿನ ವಾಸನೆ ಬಂದರೆ ಬ್ಯಾಟರಿಯ ವೈರು ಬಿಚ್ಚುವುದು ಮೊದಲ ಕೆಲಸ. ವಾಸನೆ ಇಲ್ಲದಿದ್ದರೂ ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ನಡುವೆ ಒಂದು ನಿಮಿಷ ಬಿಡಬೇಕು. ಮೂರು ಸಲಕ್ಕೆ ಹೊರಡದಿದ್ದರೆ ಕೈಬಿಟ್ಟು ಯೋಚಿಸಬೇಕು.

ಯೋಚಿಸಬೇಕಾದ ಪ್ರಶ್ನೆ ಒಂದೇ: ಎಂಜಿನ್ನು ಹೇಗೆ ನಿಂತಿತು?

ಒಂದು: ದೀಪ ಆರಿದ ಹಾಗೆ ನಿಂತರೆ

ಯಾವ ಮುನ್ಸೂಚನೆಯೂ ಇಲ್ಲದೆ, ಸ್ವಿಚ್ಚು ಆರಿಸಿದಂತೆ ಥಟ್ಟನೆ ನಿಂತರೆ ಅದು ಸಾಮಾನ್ಯವಾಗಿ ವಿದ್ಯುತ್ತಿನ ದೋಷ. ಮೊದಲು ಹಾರ್ನು ಒತ್ತಿ, ದೀಪ ಹಾಕಿ ನೋಡಿ. ಎರಡೂ ಇಲ್ಲದಿದ್ದರೆ ಬ್ಯಾಟರಿಯ ತುದಿ, ಅರ್ತ್ ಪಟ್ಟಿ, ಮುಖ್ಯ ಫ್ಯೂಸು ನೋಡಬೇಕು. ಅರ್ತ್ ಪಟ್ಟಿಯದು ವಿಶೇಷ. ಎಂಜಿನ್ನು ರಬ್ಬರಿನ ಮೇಲೆ ಕೂತಿರುವುದರಿಂದ ಚಾಸಿಗೂ ಎಂಜಿನ್ನಿಗೂ ನಡುವೆ ಒಂದು ತಾಮ್ರದ ಪಟ್ಟಿ ಬೇಕೇ ಬೇಕು. ಎಂಜಿನ್ನು ಬದಲಿಸುವಾಗ ಇದನ್ನು ಹಾಕದೆ ಬಿಟ್ಟ ಗಾಡಿಗಳುಂಟು, ಬಣ್ಣದ ಮೇಲೆಯೇ ಬೋಲ್ಟು ಬಿಗಿದ ಗಾಡಿಗಳೂ ಉಂಟು.

ಪೆಟ್ರೋಲ್ ಗಾಡಿಯಾದರೆ ಕಿಡಿ ಪರೀಕ್ಷೆ ಮಾಡಿ. ಪೆಟ್ರೋಲ್ ಸೋರಿಲ್ಲವೆಂದು ಖಚಿತ ಮಾಡಿಕೊಂಡು, ಕಾಯಿಲಿನಿಂದ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರಿನಿಂದ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಕಬ್ಬಿಣದಿಂದ ಕಾಲು ಅಂಗುಲ ದೂರದಲ್ಲಿಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಚಟನೆ ಹಾರಿದರೆ ಕಾಯಿಲಿನವರೆಗೆ ಎಲ್ಲವೂ ಸರಿ. ಆಗ ಡಿಸ್ಟ್ರಿಬ್ಯೂಟರಿನ ಮುಚ್ಚಳ, ರೋಟರು ನೋಡಬೇಕು. ಮಳೆಗಾಲದಲ್ಲಿ ಮುಚ್ಚಳದ ಒಳಗೆ ತೇವ ಕೂತಿದ್ದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಿಡಿ ಇಲ್ಲದಿದ್ದರೆ ಕೀಲಿ ಹಾಕಿ, ಟೆಸ್ಟ್ ಬಲ್ಬಿನಿಂದ ಕಾಯಿಲಿಗೆ ಕರೆಂಟು ಬರುತ್ತಿದೆಯೇ ನೋಡಿ. ಬಾರದಿದ್ದರೆ ದೋಷ ಕೀಲಿಯ ಸ್ವಿಚ್ಚಿನಲ್ಲಿ ಅಥವಾ ಅಲ್ಲಿಂದ ಬರುವ ವೈರಿನಲ್ಲಿ. ಬರುತ್ತಿದ್ದರೆ ಬಲ್ಬನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರಿನ ತುದಿಗೆ ಹಿಡಿದು ಸೆಲ್ಫ್ ಹೊಡೆಸಿ. ಬಲ್ಬು ಮಿಣುಕಿದರೆ ಪಾಯಿಂಟು ಕೆಲಸ ಮಾಡುತ್ತಿದೆ. ಒಂದೇ ಸಮನೆ ಉರಿದರೆ ಪಾಯಿಂಟು ಕೂಡುತ್ತಿಲ್ಲ; ಉರಿಯದೇ ಇದ್ದರೆ ಪಾಯಿಂಟು ತೆರೆಯುತ್ತಿಲ್ಲ, ಇಲ್ಲವೇ ಕಂಡೆನ್ಸರು ಅರ್ತ್ ಆಗಿದೆ. ಮೂಲ ವಿಲ್ಲಿಸ್ ಡಿಸ್ಟ್ರಿಬ್ಯೂಟರಿಗೆ ಪಾಯಿಂಟಿನ ಅಂತರ ಸುಮಾರು ಅರ್ಧ ಮಿಲಿಮೀಟರು. ಪ್ಲಗ್ಗಿನ ಅಂತರ ಮುಕ್ಕಾಲು ಮಿಲಿಮೀಟರು. ಕಿಡಿಯ ಕ್ರಮ 1-3-4-2. ಬೇರೆ ಗಾಡಿಯ ಡಿಸ್ಟ್ರಿಬ್ಯೂಟರು ಹಾಕಿಸಿದ್ದರೆ ಪಾಯಿಂಟಿನ ಅಳತೆ ಬೇರೆ ಇರುತ್ತದೆ ಎಂಬುದನ್ನು ಮರೆಯಬಾರದು.

ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನಾಗಿ ಹೊರಟರೆ ಕಾಯಿಲು ಅಥವಾ ಕಂಡೆನ್ಸರಿನ ಮೇಲೆ ಅನುಮಾನ ಪಡಬೇಕು. ಕಂಡೆನ್ಸರು ಅಗ್ಗದ ಸಾಮಾನು. ಒಂದನ್ನು ಯಾವಾಗಲೂ ಗಾಡಿಯಲ್ಲಿಡಿ.

ಡೀಸೆಲ್ಲಿಗೂ ಕರೆಂಟು ಬೇಕು: ಒಂದು ಉದಾಹರಣೆ

ಡೀಸೆಲ್ ಎಂಜಿನ್ನಿಗೆ ಹೊರಟ ಮೇಲೆ ಕರೆಂಟಿನ ಹಂಗಿಲ್ಲ ಎಂಬ ಮಾತು ಹಳೆಯ ಎಂಜಿನ್ನುಗಳ ಮಟ್ಟಿಗೆ ನಿಜ. ಅವುಗಳಿಗೆ ಕೈಯಿಂದ ಎಳೆದು ನಿಲ್ಲಿಸುವ ತಂತಿ ಇರುತ್ತಿತ್ತು. ಆಮೇಲೆ ಬಂದ ಹಲವು ಡೀಸೆಲ್ ಪಂಪುಗಳ ಮೇಲೆ ಹೆಬ್ಬೆರಳು ಗಾತ್ರದ ಒಂದು ಸೊಲೆನಾಯ್ಡ್ ಇರುತ್ತದೆ. ಕರೆಂಟು ಇರುವವರೆಗೆ ಅದು ಡೀಸೆಲ್ ಬಿಡುತ್ತದೆ, ಕರೆಂಟು ಹೋದ ಕ್ಷಣವೇ ಮುಚ್ಚಿಕೊಳ್ಳುತ್ತದೆ.

ನಮ್ಮ ಸದಸ್ಯರೊಬ್ಬರ ಜೀಪು-ಪಿಕಪ್ಪು ಒಂದೇ ಕೊಯ್ಲಿನಲ್ಲಿ ಮೂರು ಸಲ ನಿಂತಿತು. ಮೊದಲ ಸಲ ಬೇಲೂರು-ಹಳೇಬೀಡು ರಸ್ತೆಯ ಒಂದು ಗುಂಡಿ ಹಾರಿದ ಮೇಲೆ ನಿಂತು, ಸ್ವಲ್ಪ ಹೊತ್ತಿನಲ್ಲಿ ತಾನೇ ಹೊರಟಿತು. ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರು ಬದಲಿಸಿದರು. ಎರಡನೆಯ ಸಲ ಪಂಪನ್ನೇ ಬಿಚ್ಚಿ ಹಾಸನಕ್ಕೆ ಕಳಿಸಿದರು. ಅದಕ್ಕೆ ಆದ ಖರ್ಚು ನಾಲ್ಕು ಆಳಿನ ತಿಂಗಳ ಕೂಲಿ. ಮೂರನೆಯ ಸಲ ಸಂಜೆ ನಾಲ್ಕಕ್ಕೆ ನಿಂತ ಗಾಡಿಯಲ್ಲಿ ಹದಿನೆಂಟು ಚೀಲ ಹಣ್ಣಿತ್ತು. ಬೆಳಗಾಗುವ ಹೊತ್ತಿಗೆ ಚೀಲದೊಳಗೆ ಕೈಯಿಟ್ಟರೆ ಬಿಸಿ ತಗಲುತ್ತಿತ್ತು. ಆ ಹಣ್ಣು ಪಾರ್ಚ್‌ಮೆಂಟಿಗೆ ಬಾರದೆ ಚೆರ್ರಿಯಾಗಿ ಹೋಯಿತು, ಅದೂ ಕಡಿಮೆ ಬೆಲೆಗೆ.

ಎಳೆಯಲು ಬಂದ ಲಾರಿಯ ವಯಸ್ಸಾದ ಡ್ರೈವರು ಒಂದೇ ಮಾತು ಕೇಳಿದ: "ಗೌಡ್ರೇ, ಕೆಮ್ಮಿ ನಿಂತ್ಕಂತಾ, ದೀಪ ಆರ್‍ದಂಗೆ ನಿಂತ್ಕಂತಾ?" ದೀಪ ಆರಿದ ಹಾಗೆ ಎಂದಾಗ ಆತ ಕೀಲಿ ತಿರುಗಿಸಲು ಹೇಳಿ, ಪಂಪಿನ ಬಳಿ ಕಿವಿಯಿಟ್ಟ. ಕೀಲಿ ಹಾಕಿದಾಗ ಸೊಲೆನಾಯ್ಡ್ "ಟಿಕ್" ಎನ್ನಬೇಕು. ಅನ್ನಲಿಲ್ಲ. ವೈರಿನ ಜಾಡು ಹಿಡಿದು ಹೋದರೆ, ಎಂಜಿನ್ನು ಕೂರಿಸಿದವರು ಡ್ಯಾಶಿನ ಹಿಂದೆ ಎರಡು ವೈರನ್ನು ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ್ದರು. ಟೇಪಿನ ಅಂಟು ಹೋಗಿ ಗಂಟು ಸಡಿಲವಾಗಿತ್ತು. ಗುಂಡಿ ಬಂದಾಗಲೆಲ್ಲ ಅದು ಬಿಟ್ಟುಕೊಳ್ಳುತ್ತಿತ್ತು. ಗಂಟು ಸರಿಮಾಡಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ಇಂಥ ಸಮಯದಲ್ಲಿ ಬ್ಯಾಟರಿಯ ಪ್ಲಸ್ ತುದಿಯಿಂದ ಫ್ಯೂಸು ಕೂಡಿಸಿದ ಒಂದು ವೈರನ್ನು ನೇರವಾಗಿ ಸೊಲೆನಾಯ್ಡಿಗೆ ಕೊಟ್ಟರೆ ಗಾಡಿ ಮನೆ ಮುಟ್ಟುತ್ತದೆ. ಆದರೆ ಆಗ ಕೀಲಿ ತೆಗೆದರೆ ಎಂಜಿನ್ನು ನಿಲ್ಲುವುದಿಲ್ಲ, ಆ ವೈರನ್ನೇ ಕೀಳಬೇಕು. ಗಾಡಿ ಓಡಿಸುವವರಿಗೆ ಇದು ಗೊತ್ತಿರಬೇಕು.

ಎರಡು: ಕೆಮ್ಮಿ, ಎಳೆದಾಡಿ ನಿಂತರೆ

ಏರಿನಲ್ಲಿ ಬಲ ಕುಂದಿ, ಒಂದೆರಡು ಸಲ ಜಗ್ಗಿ, ಕೆಮ್ಮಿ ನಿಂತರೆ ಅದು ಇಂಧನದ ದೋಷ. ಮೊದಲು ಟ್ಯಾಂಕಿಗೆ ಒಣ ಕೋಲು ಬಿಟ್ಟು ನೋಡಿ. ನಗು ಬರಬಹುದು. ಆದರೆ ಒಂದು ಗಾಡಿಯ ಟ್ಯಾಂಕಿಗೆ ಇನ್ನೊಂದು ಗಾಡಿಯ ಮೀಟರು ಕೂಡಿಸಿದಾಗ ಮುಳ್ಳು ತೋರಿಸುವುದು ಸುಳ್ಳು ಲೆಕ್ಕ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. "ಸುಸ್" ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರುರಂಧ್ರ ಕಟ್ಟಿದೆ ಎಂದರ್ಥ. ಅದನ್ನು ತಂತಿಯಿಂದ ಬಿಡಿಸಿದರೆ ಗಾಡಿ ಹೊರಡುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ಮಾರ್ಚ್-ಏಪ್ರಿಲ್ ಬಿಸಿಲಿಗೆ ಪಂಪಿನೊಳಗೆ, ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ಹರಿವು ನಿಲ್ಲುವುದುಂಟು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾಯಬೇಕು. ಪೈಪು ಸೈಲೆನ್ಸರಿನ ಹತ್ತಿರ ಹಾದುಹೋಗಿದ್ದರೆ ದಾರಿ ಬದಲಿಸಬೇಕು. ಕಾರ್ಬೊರೇಟರಿನ ಬಾಯಿಗೆ ಪೆಟ್ರೋಲ್ ಸುರಿಯುತ್ತಾ ಸೆಲ್ಫ್ ಹೊಡೆಯುವ ಪದ್ಧತಿಯನ್ನು ಬಿಟ್ಟುಬಿಡಬೇಕು. ಎಂಜಿನ್ನು ಒಮ್ಮೆ ತಿರುಗಿ ಸೀನಿದರೆ ಕೈಯಲ್ಲಿರುವ ಡಬ್ಬಿಗೇ ಬೆಂಕಿ ಬರುತ್ತದೆ. ಬಾಯಿಯಿಂದ ಪೆಟ್ರೋಲ್ ಎಳೆಯುವುದೂ ಬೇಡ.

ಈಚಿನ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. 2023ರಿಂದ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬರತೊಡಗಿತು. ಹಳೆಯ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬೊರೇಟರಿನ ವಾಷರುಗಳು ಇದಕ್ಕಾಗಿ ಮಾಡಿದವಲ್ಲ. ಅವು ಉಬ್ಬುತ್ತವೆ, ಮೆದುವಾಗುತ್ತವೆ, ಬಿರಿಯುತ್ತವೆ. ಎಥನಾಲ್ ಟ್ಯಾಂಕಿನ ಹಳೆಯ ಅಂಟನ್ನು ಕರಗಿಸಿ ಫಿಲ್ಟರಿಗೆ ತರುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ನೀರು ಮಿತಿ ಮೀರಿದಾಗ ಎಥನಾಲಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಪೆಟ್ರೋಲ್ ಜೀಪು ಉಳಿಸಿಕೊಂಡವರು ಪೈಪು, ಡಯಾಫ್ರಂಗಳನ್ನು ಎಥನಾಲ್ ತಾಳುವ ಬಗೆಯವಕ್ಕೆ ಬದಲಿಸಿಕೊಳ್ಳಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿ ನಿಲ್ಲಿಸಬಾರದು.

ಡೀಸೆಲ್ ಗಾಡಿಯಲ್ಲಿ ಸಾಮಾನ್ಯ ದೋಷ ಎರಡು: ನೀರು ಮತ್ತು ಗಾಳಿ. ಪಂಪುಸೆಟ್ಟಿಗೆಂದು ಡ್ರಮ್ಮಿನಲ್ಲಿಟ್ಟ ಡೀಸೆಲ್ಲಿನ ತಳದಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ನೀರು ಕೂಡಿರುತ್ತದೆ. ಅದನ್ನೇ ಗಾಡಿಗೆ ಸುರಿದರೆ ಎಂಜಿನ್ನು ನಿಲ್ಲುತ್ತದೆ, ಪಂಪೂ ತುಕ್ಕು ಹಿಡಿಯುತ್ತದೆ. ಫಿಲ್ಟರಿನ ತಳದ ತಿರುಪು ಸಡಿಲಿಸಿ ಗಾಜಿನ ಲೋಟದಲ್ಲಿ ಹಿಡಿದು ನೋಡಿ. ನೀರು ಕೆಳಗೆ, ಡೀಸೆಲ್ ಮೇಲೆ ಬೇರೆಯಾಗಿ ಕಾಣುತ್ತದೆ.

ಪೈಪಿನ ಜೋಡಣೆ ಸಡಿಲವಾಗಿ ಗಾಳಿ ಎಳೆದರೆ ಏರ್ ತೆಗೆಯಬೇಕು. ಇದನ್ನು ಪ್ರತಿಯೊಬ್ಬ ಬೆಳೆಗಾರನೂ ಕಲಿತಿರಬೇಕು. ಫಿಲ್ಟರಿನ ಮೇಲಿನ ಬ್ಲೀಡ್ ತಿರುಪನ್ನು ಒಂದು ಸುತ್ತು ಸಡಿಲಿಸಿ, ಕೈಪಂಪು ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ನೊರೆ ನಿಂತು ಬರಿಯ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ, ತಿರುಪು ಬಿಗಿಯಿರಿ. ಬಳಿಕ ಇಂಜೆಕ್ಷನ್ ಪಂಪಿನ ತಿರುಪಿನಲ್ಲೂ ಹೀಗೆಯೇ ಮಾಡಿ. ಆಮೇಲೂ ಹೊರಡದಿದ್ದರೆ ಎರಡು ಇಂಜೆಕ್ಟರುಗಳ ಪೈಪಿನ ನಟ್ಟು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆಸಿ, ಡೀಸೆಲ್ ಜಿನುಗಿದ ಮೇಲೆ ಬಿಗಿಯಿರಿ. ಎಂಜಿನ್ನು ಓಡುತ್ತಿರುವಾಗ ಚಿಮ್ಮುವ ಡೀಸೆಲ್ಲಿಗೆ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಅದು ಚರ್ಮದೊಳಗೆ ಹೊಕ್ಕುಬಿಡುತ್ತದೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮೂರು: ಕಾದು ನಿಂತರೆ

ಬಲ ಕುಗ್ಗಿ, ಬಿಸಿಯ ವಾಸನೆ ಬಂದು, ಮುಳ್ಳು ಮೇಲೇರಿ ನಿಂತರೆ ನೀರಿನ ದೋಷ. ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಅಷ್ಟರಲ್ಲಿ ಫ್ಯಾನ್ ಬೆಲ್ಟು ಇದೆಯೇ, ಕೊಳವೆ ಒಡೆದಿದೆಯೇ ನೋಡಿ. ಕಾದ ಎಂಜಿನ್ನಿಗೆ ಕೆರೆಯ ತಣ್ಣೀರು ಸುರಿದರೆ ಹೆಡ್ಡು ಬಿರಿಯುತ್ತದೆ. ತಣಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.

ಕಾದು ನಿಂತ ಎಂಜಿನ್ನು ಹಿಡಿದುಕೊಂಡಿದೆಯೇ ಎಂದು ತಿಳಿಯಲು ಹಳೆಯ ಜೀಪಿನ ಹ್ಯಾಂಡಲ್ ಒಳ್ಳೆಯ ಸಾಧನ. ಕೀಲಿ ತೆಗೆದು, ಗೇರು ಬಿಡಿಸಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು ಮೆಲ್ಲಗೆ ಮೇಲಕ್ಕೆ ಎಳೆಯಿರಿ. ತಿರುಗಿದರೆ ಪ್ರಾಣವಿದೆ. ತಿರುಗದಿದ್ದರೆ ಬಲ ಹಾಕಬೇಡಿ, ಎಳೆಸಿಕೊಂಡು ಹೋಗಿ.

ನಮ್ಮ ಗಾಡಿಗಳು ಕಾಯುವುದಕ್ಕೆ ಎರಡು ಕಾರಣ ಮಾಮೂಲು. ಅಡಿಕೆ ಸಿಪ್ಪೆಯ ನಾರು, ಕಾಫಿಯ ಹೊಟ್ಟು, ರಸ್ತೆಯ ಧೂಳು ರೇಡಿಯೇಟರಿನ ಜಾಲರಿಗೆ ಮೆತ್ತಿಕೊಳ್ಳುವುದು ಒಂದು. ದೊಡ್ಡ ಎಂಜಿನ್ನು ಕೂರಿಸಿ ಹಳೆಯ ಚಿಕ್ಕ ರೇಡಿಯೇಟರನ್ನೇ ಉಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಕೊಯ್ಲಿನ ದಿನಗಳಲ್ಲಿ ವಾರಕ್ಕೊಮ್ಮೆ ಹಿಂದಿನಿಂದ ಮುಂದಕ್ಕೆ ನೀರು ಹೊಡೆದರೆ ಸಾಕು. ಎರಡನೆಯದಕ್ಕೆ ರೇಡಿಯೇಟರು ಬದಲಿಸುವುದೊಂದೇ ದಾರಿ.

ನಾಲ್ಕು: ಸದ್ದು ಮಾಡಿ ನಿಂತರೆ

"ಟಪ್" ಎಂದೋ "ಕಟಕಟ" ಎಂದೋ ಸದ್ದಾಗಿ ನಿಂತರೆ ಸೆಲ್ಫ್ ಮುಟ್ಟಬೇಡಿ. ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಇಲ್ಲದಿದ್ದರೆ ಕಾರಣ ಗೊತ್ತಾಯಿತು. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಪಂಪಿನ ಡಯಾಫ್ರಂ ಹರಿದಿದೆ. ಯಾವುದಾದರೂ ಆಗಲಿ, ಎಂಜಿನ್ನು ಹೊರಡಿಸಬಾರದು.

ಸದ್ದೇ ಇಲ್ಲದೆ ನಿಂತು, ಸೆಲ್ಫ್ ಹೊಡೆದಾಗ ಎಂದಿಗಿಂತ ಹಗುರಾಗಿ, ವೇಗವಾಗಿ ಗಿರಗಿರನೆ ತಿರುಗಿದರೆ ಅದೂ ಎಚ್ಚರಿಕೆಯೇ. ಟೈಮಿಂಗ್ ಗೇರು ಅಥವಾ ಬೆಲ್ಟು ಹೋಗಿರಬಹುದು. ಪೆಟ್ರೋಲ್ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಂದೇ ಕ್ಷಣ ಸೆಲ್ಫ್ ಹೊಡೆಸಿ. ಎಂಜಿನ್ನು ತಿರುಗಿ ರೋಟರು ತಿರುಗದಿದ್ದರೆ ನಿಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲಿಗೆ ಮುಗಿಯಿತು. ಗ್ಯಾರೇಜಿಗೆ ಎಳೆಸಿ.

ಹೊತ್ತು ಮೀರಿದರೆ ಹಣ್ಣನ್ನು ಉಳಿಸಿ

ಅರ್ಧ ಗಂಟೆಯಲ್ಲಿ ದೋಷ ಸಿಗದಿದ್ದರೆ ಗಾಡಿಯ ಚಿಂತೆ ಬಿಟ್ಟು ಫಸಲಿನ ಚಿಂತೆ ಮಾಡಬೇಕು. ಫೋನು ಕೈಯಲ್ಲೇ ಇರುವ ಕಾಲ ಇದು, ಇನ್ನೊಂದು ಗಾಡಿ ತರಿಸಿ ಚೀಲ ವರ್ಗಾಯಿಸಿ. ಗಾಡಿ ಸಿಗದಿದ್ದರೆ ಚೀಲಗಳ ಬಾಯಿ ಬಿಚ್ಚಿ, ಹತ್ತಿರದ ಕಣದಲ್ಲಿ ಅಥವಾ ಟಾರ್ಪಾಲಿನ ಮೇಲೆ ತೆಳ್ಳಗೆ ಹರವಿ. ಹರವಿದ ಹಣ್ಣು ಕಾವೇರುವುದಿಲ್ಲ. ಬೆಳಗ್ಗೆ ಪಲ್ಪರಿಗೆ ಹಾಕಲಾಗದಿದ್ದರೂ ಒಳ್ಳೆಯ ಚೆರ್ರಿಯಾದರೂ ಆಗುತ್ತದೆ. ಎಳೆಸುವುದಾದರೆ ಹಗಲಿನಲ್ಲೇ, ನಿಧಾನವಾಗಿ ಎಳೆಸಿ. ಹಿಂದಿನ ಗಾಡಿಯಲ್ಲಿ ಬ್ರೇಕಿನ ಹದ ತಿಳಿದವರೇ ಕೂರಬೇಕು.

ಊರಿಗೆ ಒಂದರಂತೆ ಎಳೆಯುವ ಹಗ್ಗ, ಟೆಸ್ಟ್ ಬಲ್ಬು, ಟಾರ್ಪಾಲು ಇಟ್ಟುಕೊಂಡು, ಕೊಯ್ಲಿನಲ್ಲಿ ಯಾರ ಗಾಡಿ ಯಾವ ದಿನ ಬಿಡುವಿದೆ ಎಂಬ ಪಟ್ಟಿ ಬರೆದುಕೊಂಡರೆ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗುತ್ತೀರಿ. ಸಹಕಾರ ಎಂಬುದು ಸಾಲಕ್ಕೂ ಗೊಬ್ಬರಕ್ಕೂ ಮಾತ್ರ ಮೀಸಲಾದ ಮಾತಲ್ಲ.

ಗಾಡಿಯ ಜಾತಕ

ಮಾರ್ಪಡಿಸಿದ ಗಾಡಿಗೆ ಪುಸ್ತಕವಿಲ್ಲವೆಂದೆ. ಆ ಪುಸ್ತಕವನ್ನು ನೀವೇ ಬರೆಯಬೇಕು. ಒಂದು ದಪ್ಪ ಹಾಳೆಯಲ್ಲಿ ಇಷ್ಟನ್ನು ಬರೆದು, ಪ್ಲಾಸ್ಟಿಕ್ಕಿನೊಳಗೆ ಹಾಕಿ ಗಾಡಿಯಲ್ಲಿಡಿ:

ಎಂಜಿನ್ನು ಯಾವ ಗಾಡಿಯದು, ಅದರ ನಂಬರು, ಪಂಪು ಅಥವಾ ಕಾರ್ಬೊರೇಟರು ಯಾವುದು, ಡಿಸ್ಟ್ರಿಬ್ಯೂಟರು, ಕಾಯಿಲು ಯಾವುದು, ಬೆಲ್ಟಿನ ನಂಬರು, ಫಿಲ್ಟರಿನ ನಂಬರು, ಸೊಲೆನಾಯ್ಡಿನ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ, ಅದರ ಬಣ್ಣ ಯಾವುದು, ಫ್ಯೂಸು ಎಲ್ಲಿದೆ, ಅರ್ತ್ ಪಟ್ಟಿ ಎಲ್ಲಿ ಕೂಡಿದೆ, ಕಡೆಯ ಸಲ ಆಯಿಲ್, ಫಿಲ್ಟರು ಬದಲಿಸಿದ ದಿನ.

ಇದು ಗೊತ್ತಿಲ್ಲದಿದ್ದರೆ, ಮುಂದಿನ ಸಲ ಗಾಡಿ ಗ್ಯಾರೇಜಿಗೆ ಹೋದಾಗ ಪಕ್ಕದಲ್ಲೇ ನಿಂತು ಕೇಳಿ ಬರೆದುಕೊಳ್ಳಿ. ಕೊಯ್ಲಿಗೆ ಮೊದಲು, ಅಕ್ಟೋಬರಿನಲ್ಲಿ, ಹೊಸೆದ ವೈರಿನ ಗಂಟುಗಳನ್ನೆಲ್ಲ ಬಿಚ್ಚಿಸಿ ಸರಿಯಾದ ಟರ್ಮಿನಲ್ ಹಾಕಿಸಿ. ಪೈಪಿನ ಕ್ಲಿಪ್ಪುಗಳನ್ನು ಬಿಗಿಸಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವಂತೆ ಆಗಬಾರದು.

ಕಾಗದದ ಕಡೆಗೂ ಗಮನವಿರಲಿ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಎಂಜಿನ್ನು ಬದಲಿಸುವುದಕ್ಕೆ ಆರ್.ಟಿ.ಓ. ಅನುಮತಿ ಬೇಕು, ಅದು ಆರ್.ಸಿ.ಯಲ್ಲಿ ನಮೂದಾಗಿರಬೇಕು. ಸ್ವಂತ ವಾಹನದ ನೋಂದಣಿಯನ್ನು 15 ವರ್ಷ ಕಳೆದ ಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2021ರಲ್ಲಿ ಬಂದ ವಿಂಟೇಜ್ ವಾಹನದ ನಿಯಮ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ ಮಾತ್ರ. ಎಂಜಿನ್ನು ಬದಲಾಗಿ ತೊಟ್ಟಿ ಕಟ್ಟಿದ ನಮ್ಮ ದುಡಿಯುವ ಗಾಡಿಗಳಿಗೆ ಅದು ಅನ್ವಯಿಸದು. ಆರ್.ಸಿ.ಯಲ್ಲಿ ಒಂದು, ಬಾನೆಟ್ಟಿನ ಕೆಳಗೆ ಇನ್ನೊಂದು ಎಂಜಿನ್ನು ಇದ್ದರೆ ಅಪಘಾತವಾದಾಗ ವಿಮೆಯವರೊಡನೆ ತಕರಾರು ಏಳುತ್ತದೆ. ತೊಟ್ಟಿಯಲ್ಲಿ ಚೀಲದ ಮೇಲೆ ಆಳುಗಳನ್ನು ಕೂರಿಸಿಕೊಂಡು ಹೋಗುವುದನ್ನಂತೂ ನಿಲ್ಲಿಸಲೇಬೇಕು. ಏರಿನಲ್ಲಿ ಎಂಜಿನ್ನು ನಿಂತು ಗಾಡಿ ಹಿಂದಕ್ಕೆ ಜಾರಿದರೆ ಮೊದಲು ಪೆಟ್ಟು ಬೀಳುವುದು ಅವರಿಗೇ.

ಪಾಠದ ಸಾರ

1. ಮೊದಲು ಜನರನ್ನು ಇಳಿಸಿ, ಚಕ್ರಕ್ಕೆ ಕಲ್ಲು ಕೊಡಿ.
2. ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಹೇಗೆ ನಿಂತಿತೆಂದು ನೆನೆಸಿಕೊಳ್ಳಿ.
3. ದೀಪ ಆರಿದ ಹಾಗೆ ನಿಂತರೆ ವಿದ್ಯುತ್ತು, ಕೆಮ್ಮಿ ನಿಂತರೆ ಇಂಧನ, ಕಾದು ನಿಂತರೆ ನೀರು, ಸದ್ದು ಮಾಡಿ ನಿಂತರೆ ಒಳಗಿನ ಮುರಿತ.
4. ಹಳೆಯದೂ ಹೊಸದೂ ಕೂಡಿದ ಜಾಗಗಳನ್ನು ಮೊದಲು ನೋಡಿ.
5. ಅರ್ಧ ಗಂಟೆ ಮೀರಿದರೆ ಗಾಡಿ ಬಿಟ್ಟು ಫಸಲು ಉಳಿಸಿ.
6. ಗಾಡಿಯ ಜಾತಕ ಬರೆದಿಡಿ.

ಜಾತಕದ ಒಂದು ಪ್ರತಿಯನ್ನು ಸಂಘದ ಕಚೇರಿಗೂ ತಂದುಕೊಟ್ಟರೆ ಫೈಲಿನಲ್ಲಿ ಇಟ್ಟುಕೊಳ್ಳುತ್ತೇವೆ. ದಾರಿಯಲ್ಲಿ ನಿಂತು ಫೋನು ಮಾಡಿದಾಗ ಬೆಲ್ಟಿನ ನಂಬರನ್ನಾದರೂ ಇಲ್ಲಿಂದ ಓದಿ ಹೇಳಬಹುದು.

— ಕಾರ್ಯದರ್ಶಿ